ಹಳೇ ಕಂಪ್ಯೂಟರ್‌ನಿಂದ ಫ್ಯಾಕ್ಸ್ ಕಳಿಸುವುದು: ಕಿವಿ ಕೊಟ್ಟು ಮಾಡುವ ಕೆಲಸ

ನನ್ನ ಮೇಜಿನ ಕೆಳಗೆ ಒಂದು ಹಳೇ ಕಂಪ್ಯೂಟರ್ ಇದೆ. ಪೆಂಟಿಯಂ 3, 256 ಎಂಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ಇಂಟರ್ನೆಟ್ ಕೊಟ್ಟಿಲ್ಲ. ಅದಕ್ಕಿರುವುದು ಒಂದೇ ಕೆಲಸ, ಫ್ಯಾಕ್ಸ್ ಕಳಿಸುವುದು. ಪಕ್ಕದಲ್ಲಿ ಸೀರಿಯಲ್ ಕೇಬಲ್ ಹಾಕಿದ ಮೋಡೆಮ್, ಅಂದರೆ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಡಬ್ಬಿ, ಕೂತಿದೆ, ಮುಂದುಗಡೆ ಸಾಲಾಗಿ ಕೆಂಪು ದೀಪಗಳು.

15 ವರ್ಷ ನಾನು ಲೆಕ್ಕಪತ್ರದ ವಿಭಾಗದಲ್ಲಿದ್ದೆ. ಬಿಲ್ಲು, ಸಹಿ ಹಾಕಿದ ಪತ್ರ, ಒಪ್ಪಿಗೆಯ ಫಾರಂ ಎಲ್ಲವೂ ಫ್ಯಾಕ್ಸಿನಲ್ಲೇ ಹೋಗುತ್ತಿದ್ದವು. ಈಗಲೂ ಸಹಿ ಇರುವ ಕಾಗದವನ್ನು ಫ್ಯಾಕ್ಸಿನಲ್ಲಿ ಮಾತ್ರ ತೆಗೆದುಕೊಳ್ಳುವವರು ನನಗೆ ಸಿಗುತ್ತಾರೆ. ಅದಕ್ಕೇ ಆ ಯಂತ್ರವನ್ನು ಜೋಪಾನ ಮಾಡಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಒಂದು: ಫ್ಯಾಕ್ಸ್ ಹೋಗದಿದ್ದಾಗ ಪರದೆ ಹೇಳುವುದಕ್ಕಿಂತ ಮೊದಲೇ ಮೋಡೆಮ್ ಹೇಳಿರುತ್ತದೆ. ಅದರ ಸ್ಪೀಕರ್ ಅನ್ನು ಯಾವತ್ತೂ ಆಫ್ ಮಾಡಬೇಡಿ.

ಮೊದಲು ಮೋಡೆಮ್ ನೋಡಿ

ಮೋಡೆಮ್‌ಗೆ ಫ್ಯಾಕ್ಸ್ ಬರುತ್ತದಾ ಇಲ್ಲವಾ ಎಂದು ಮೊದಲೇ ತಿಳಿದುಕೊಳ್ಳಿ. ತುಂಬಾ ಹಳೆಯ ಕೆಲವು ಮೋಡೆಮ್‌ಗಳಲ್ಲಿ ಡೇಟಾ ಮಾತ್ರ ಇರುತ್ತದೆ. ಎಕ್ಸ್‌ಪಿಯಲ್ಲಿ ಹೈಪರ್‌ಟರ್ಮಿನಲ್ ಅನ್ನುವ ಸಣ್ಣ ಪ್ರೋಗ್ರಾಂ ಇದೆ. ಅದನ್ನು ತೆರೆದು, ಮೋಡೆಮ್ ಇರುವ ಕಾಮ್ ಪೋರ್ಟ್, ಅಂದರೆ ಸೀರಿಯಲ್ ಕೇಬಲ್ ಸಿಕ್ಕಿಸಿದ ಕಿಂಡಿ, ಆರಿಸಿ. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎ, ಟಿ ಎಂದು ಒತ್ತಿ ಎಂಟರ್ ಕೊಡಿ. ಓಕೆ ಎಂದು ಉತ್ತರ ಬಂದರೆ ಕೇಬಲ್ಲೂ ಪೋರ್ಟೂ ಸರಿ ಇವೆ. ಈಗ ಎ, ಟಿ, ಪ್ಲಸ್ ಗುರುತು, ಎಫ್, ಸಿ, ಎಲ್, ಎ, ಎಸ್, ಎಸ್, ಈಕ್ವಲ್ ಗುರುತು, ಪ್ರಶ್ನೆ ಗುರುತು. ನಡುವೆ ಜಾಗ ಬಿಡದೆ ಒತ್ತಿ ಎಂಟರ್ ಕೊಡಿ. 0,1,2 ಅಂತಲೋ 0,1,8 ಅಂತಲೋ ಒಂದು ಸಾಲು ಬರುತ್ತದೆ. 0 ಎಂದರೆ ಡೇಟಾ, 8 ಎಂದರೆ ಧ್ವನಿ. 1 ಅಥವಾ 2 ಇದ್ದರೆ ಫ್ಯಾಕ್ಸ್ ಆಗುತ್ತದೆ. ಬರೀ 0 ಬಂದರೆ ಆ ಮೋಡೆಮ್ ಅನ್ನು ಎತ್ತಿಡಿ, ಅದರ ಹತ್ತಿರ ಗುದ್ದಾಡಿ ಉಪಯೋಗವಿಲ್ಲ.

ಆ ಸಾಲಿನ 1, 2 ಅಂದರೆ ಕ್ಲಾಸ್ 1 ಮತ್ತು ಕ್ಲಾಸ್ 2. ಅವು ಏನು ಅಂತ ಕೇಳಬಹುದು. ಕ್ಲಾಸ್ 1ರಲ್ಲಿ ಎದುರಿನ ಯಂತ್ರದ ಜೊತೆಗಿನ ಮಾತುಕತೆಯ ಬಹುಪಾಲನ್ನು ಕಂಪ್ಯೂಟರೇ ನಡೆಸುತ್ತದೆ. ಕ್ಲಾಸ್ 2ರಲ್ಲಿ ಅದರಲ್ಲಿ ಜಾಸ್ತಿ ಭಾಗವನ್ನು ಮೋಡೆಮ್ ವಹಿಸಿಕೊಳ್ಳುತ್ತದೆ. ಕಂಪ್ಯೂಟರ್ ನಿಧಾನದ್ದಾದರೆ ಕ್ಲಾಸ್ 2 ಹಾಕಿ ನೋಡಿ. ತಂತ್ರಾಂಶದಲ್ಲಿ ಆಯ್ಕೆ ಇದ್ದರೆ ಎರಡನ್ನೂ ಒಂದೊಂದು ಸಲ ಪ್ರಯತ್ನಿಸಿ, ನಿಮ್ಮ ಮೋಡೆಮ್‌ಗೆ ಯಾವುದು ಒಗ್ಗುತ್ತದೋ ಅದನ್ನೇ ಇಟ್ಟುಕೊಳ್ಳಿ.

ಒಳಗೆ ಕೂರುವ ಕಾರ್ಡ್ ಮೋಡೆಮ್‌ಗಿಂತ ಹೊರಗಿನದೇ ನನಗೆ ಇಷ್ಟ. ಹಲವು ಅಗ್ಗದ ಕಾರ್ಡ್‌ಗಳು ತಮ್ಮ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಹಾಕುತ್ತವೆ. ನಡುವೆ ಆಂಟಿವೈರಸ್ ಸ್ಕ್ಯಾನ್ ಶುರುವಾದರೆ ಫ್ಯಾಕ್ಸ್ ಅರ್ಧಕ್ಕೆ ಮುರಿಯಬಹುದು. ಅಂಥ ಕಾರ್ಡೇ ಇದ್ದರೆ ಕಳಿಸುವಾಗ ಬೇರೆ ಪ್ರೋಗ್ರಾಂ ಎಲ್ಲ ಮುಚ್ಚಿ, ಸ್ಕ್ರೀನ್ ಸೇವರ್ ತೆಗೆಯಿರಿ. ಹೊರಗಿನ ಮೋಡೆಮ್‌ನಲ್ಲಿ ದೀಪಗಳಿರುತ್ತವೆ. ಒಎಚ್ ದೀಪ ಹತ್ತಿದರೆ ಲೈನ್ ಎತ್ತಿದೆ ಎಂದರ್ಥ. ಎಸ್‌ಡಿ ದೀಪ ಮಿನುಗುತ್ತಿದ್ದರೆ ಕಂಪ್ಯೂಟರ್‌ನಿಂದ ಮೋಡೆಮ್‌ಗೆ ಏನೋ ಹೋಗುತ್ತಿದೆ. ಸದ್ದು ನಿಂತ ಮೇಲೆ ನಾನು ನೋಡುವುದು ಈ ಎರಡನ್ನೇ.

ಇನ್ನೂ ಹಳೆಯ ಯಂತ್ರವಾದರೆ ಒಂದು ಮಾತು. ಸೀರಿಯಲ್ ಪೋರ್ಟಿನ ಹಿಂದೆ 8250 ಅಥವಾ 16450 ಚಿಪ್ ಇದ್ದರೆ ಅದು ಒಂದೊಂದೇ ಬೈಟ್ ಹಿಡಿದುಕೊಳ್ಳುತ್ತದೆ. 16550ಎ ಚಿಪ್ಪಿನಲ್ಲಿ 16 ಬೈಟಿನ ಜಾಗವಿದೆ. ಪುಟ ಹೋಗುವಾಗ ಡೇಟಾ ಎಡೆಬಿಡದೆ ಹರಿಯಬೇಕು, ಹಾಗಾಗಿ ಈ 16 ಬೈಟ್ ತುಂಬಾ ಕೆಲಸಕ್ಕೆ ಬರುತ್ತದೆ. ಮತ್ತೆ, ಮೌಸ್ ಕಾಮ್ 1ರಲ್ಲಿದ್ದರೆ ಮೋಡೆಮ್ ಅನ್ನು ಕಾಮ್ 3ಕ್ಕೆ ಹಾಕಬೇಡಿ. ಅವೆರಡೂ ಪ್ರೊಸೆಸರನ್ನು ಕರೆಯಲು ಸಾಮಾನ್ಯವಾಗಿ ಒಂದೇ ಸಾಲನ್ನು, ಐಆರ್‌ಕ್ಯೂ 4 ಅನ್ನು, ಹಂಚಿಕೊಳ್ಳುತ್ತವೆ. ಮೌಸ್ ಅಲ್ಲಾಡಿಸಿದಾಗ ಫ್ಯಾಕ್ಸ್ ಕಡಿಯುತ್ತಿದ್ದರೆ ಕಾರಣ ಇದೇ ಇರಬಹುದು. ಕಾಮ್ 2 ಒಳ್ಳೆಯದು.

ಲೈನ್

ಮೋಡೆಮ್ ಹಿಂದೆ ಎರಡು ಜ್ಯಾಕ್ ಇರುತ್ತವೆ: ಲೈನ್, ಫೋನ್. ಗೋಡೆಯಿಂದ ಬಂದ ತಂತಿ ಲೈನ್‌ಗೆ ಹೋಗಬೇಕು. ಫೋನ್ ಎಂದಿರುವಲ್ಲಿ ಬೇಕಿದ್ದರೆ ಟೆಲಿಫೋನ್ ಸಿಕ್ಕಿಸಿ. ಎಷ್ಟೋ ಸಲ ಎಲ್ಲ ಸರಿಯಿದ್ದೂ ಡಯಲ್ ಟೋನ್ ಇಲ್ಲ ಎಂದು ಬರುವುದು ಈ ಎರಡು ಅದಲುಬದಲಾದಾಗ.

ಬೇಕಾಗಿರುವುದು ಅನಲಾಗ್ ಲೈನ್, ಅಂದರೆ ಸಾದಾ ಟೆಲಿಫೋನ್ ನಡೆಯುವ ಲೈನ್. ಆಫೀಸುಗಳ ಡಿಜಿಟಲ್ ಎಕ್ಸ್‌ಟೆನ್ಶನ್ ಜ್ಯಾಕೂ ನೋಡಲು ಹಾಗೇ ಇರುತ್ತದೆ, ಪಿನ್ನೂ ಹೊಂದುತ್ತದೆ. ಆದರೆ ಅದರಲ್ಲಿ ಬರುವ ವಿದ್ಯುತ್ತೇ ಬೇರೆ, ಮೋಡೆಮ್ ಸುಟ್ಟುಹೋಗಬಹುದು. ನಾನು ಒಂದು ಕಾರ್ಡ್ ಕಳೆದುಕೊಂಡದ್ದು ಹೀಗೆಯೇ. ಅವಸರದಲ್ಲಿ ಪಕ್ಕದ ಮೇಜಿನ ತಂತಿ ಎಳೆದು ಹಾಕಿದೆ, ಆಮೇಲೆ ಆ ಕಾರ್ಡ್ ಲೈನ್ ಎತ್ತಲೇ ಇಲ್ಲ. ಸಂಶಯವಿದ್ದರೆ ಸಾದಾ ಟೆಲಿಫೋನ್ ಒಂದು ಈಗಾಗಲೇ ಅದೇ ಜ್ಯಾಕಿನಲ್ಲಿ ಕೆಲಸ ಮಾಡುತ್ತಿದೆಯಾ ನೋಡಿ. ಫ್ಯಾಕ್ಸ್ ಯಂತ್ರಕ್ಕೆಂದೇ ಕೊಟ್ಟ ಜ್ಯಾಕ್ ಇದ್ದರೆ ಅದನ್ನೇ ಕೇಳಿ ಪಡೆಯಿರಿ.

ಅದೇ ಲೈನಿನಲ್ಲಿ ಡಿಎಸ್‌ಎಲ್ ಇಂಟರ್ನೆಟ್ ಇದ್ದರೆ ಮೋಡೆಮ್‌ಗೂ ಗೋಡೆಗೂ ನಡುವೆ ಫಿಲ್ಟರ್ ಬೇಕು. ಕಾಲ್ ವೇಟಿಂಗ್ ಇದ್ದರೆ ಕಳಿಸುವಷ್ಟು ಹೊತ್ತು ಅದನ್ನು ತೆಗೆಸಿ, ಆ ಸಣ್ಣ ಬೀಪ್ ಒಂದು ಪುಟವನ್ನೇ ಕೆಡಿಸುತ್ತದೆ. ವಾಯ್ಸ್ ಮೇಲ್‌ನಲ್ಲಿ ಸಂದೇಶ ಬಂದು ಕೂತಾಗ ಡಯಲ್ ಟೋನ್ ತುಂಡು ತುಂಡಾಗಿ ಬರುತ್ತದಲ್ವಾ, ಅದನ್ನು ಕೆಲವು ಮೋಡೆಮ್‌ಗಳು ಡಯಲ್ ಟೋನ್ ಎಂದು ಒಪ್ಪುವುದಿಲ್ಲ. ಆಗ ಸಂದೇಶ ಕೇಳಿ ಅಳಿಸಿಬಿಡಿ. ಇಲ್ಲವೇ ಕಂಟ್ರೋಲ್ ಪ್ಯಾನೆಲ್‌ನ ಫೋನ್ ಆಂಡ್ ಮೋಡೆಮ್ ಆಪ್ಶನ್ಸ್‌ಗೆ ಹೋಗಿ, ಮೋಡೆಮ್‌ನ ಪ್ರಾಪರ್ಟೀಸ್‌ನಲ್ಲಿ ಡಯಲ್ ಟೋನ್‌ಗೆ ಕಾಯಬೇಕು ಎಂಬ ಟಿಕ್ ತೆಗೆಯಿರಿ. ಸ್ಪೀಕರ್ ಸದ್ದಿನ ಪಟ್ಟಿಯೂ ಅಲ್ಲೇ ಇದೆ. ಅದನ್ನು ಸ್ವಲ್ಪ ಮೇಲಕ್ಕೆ ಸರಿಸಿ.

ಹೊರಗಿನ ಲೈನಿಗೆ 9 ಒತ್ತಬೇಕಾದ ಕಡೆ ನಂಬರಿನ ಮುಂದೆ 9 ಹಾಕಿ, ಪಕ್ಕದಲ್ಲಿ ಒಂದು ಕಾಮಾ ಹಾಕಿ. ಒಂದು ಕಾಮಾ ಎಂದರೆ ಸಾಮಾನ್ಯವಾಗಿ 2 ಸೆಕೆಂಡ್ ತಡೆ. ಅಷ್ಟರಲ್ಲಿ ಹೊರಗಿನ ಟೋನ್ ಬರದಿದ್ದರೆ ಎರಡು ಕಾಮಾ ಹಾಕಿ.

ತಂತ್ರಾಂಶ

ವಿಂಡೋಸ್ 95ಕ್ಕೆ ಮೈಕ್ರೋಸಾಫ್ಟ್ ಫ್ಯಾಕ್ಸ್ ಜೊತೆಗೇ ಬರುತ್ತಿತ್ತು. 98ರಲ್ಲಿ ಅದನ್ನು ಸಿಡಿಯ ಒಳಗೆ ಮುಚ್ಚಿಟ್ಟಿದ್ದಾರೆ: ಟೂಲ್ಸ್, ಅದರೊಳಗೆ ಓಲ್ಡ್‌ವಿನ್95, ಅದರೊಳಗೆ ಮೆಸೇಜ್ ಫೋಲ್ಡರ್. ಮೊದಲು ಡಬ್ಲ್ಯುಎಂಎಸ್ ಫೈಲ್ ಓಡಿಸಿ, ಆಮೇಲೆ ಎಡಬ್ಲ್ಯುಫ್ಯಾಕ್ಸ್ ಓಡಿಸಿ. ಈ ಕ್ರಮ ತಪ್ಪಬಾರದು. ವಿನ್‌ಫ್ಯಾಕ್ಸ್ ಪ್ರೋ ಇರುವವರು ಪುಣ್ಯವಂತರು. ಡೆಲ್ರಿನಾ ಮಾಡಿದ, ಆಮೇಲೆ ಸಿಮ್ಯಾಂಟೆಕ್ ಕೈಗೆ ಹೋದ ಆ ತಂತ್ರಾಂಶದ ವಿಳಾಸಪಟ್ಟಿ ಮತ್ತು ಲಾಗ್‌ನಷ್ಟು ಅನುಕೂಲವಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಲಿನಕ್ಸ್ ಹಾಕಿದವರಿಗೆ ಇಫ್ಯಾಕ್ಸ್ ಮತ್ತು ಹೈಲಾಫ್ಯಾಕ್ಸ್ ಇವೆ. ಒಂದೇ ಯಂತ್ರಕ್ಕೆ ಇಫ್ಯಾಕ್ಸ್ ಸಾಕು.

ನಾನು ಎಕ್ಸ್‌ಪಿಯದ್ದನ್ನೇ ವಿವರವಾಗಿ ಹೇಳುತ್ತೇನೆ, ದಿನವೂ ಕೈಯಾಡಿಸುವುದು ಅದರಲ್ಲೇ. ಎಕ್ಸ್‌ಪಿಯಲ್ಲಿ ಫ್ಯಾಕ್ಸ್ ಇದೆ, ಆದರೆ ಸಾಮಾನ್ಯವಾಗಿ ಹಾಕಿರುವುದಿಲ್ಲ. ಕಂಟ್ರೋಲ್ ಪ್ಯಾನೆಲ್, ಆಡ್ ಆರ್ ರಿಮೂವ್ ಪ್ರೋಗ್ರಾಮ್ಸ್, ಅಲ್ಲಿ ಎಡಗಡೆ ವಿಂಡೋಸ್ ಕಾಂಪೊನೆಂಟ್ಸ್. ಪಟ್ಟಿಯಲ್ಲಿ ಫ್ಯಾಕ್ಸ್ ಸರ್ವಿಸಸ್‌ಗೆ ಟಿಕ್ ಹಾಕಿ. ವಿಂಡೋಸ್ ಸಿಡಿ ಕೇಳಬಹುದು, ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮುಗಿದ ಮೇಲೆ ಪ್ರಿಂಟರ್‌ಗಳ ಜೊತೆ ಫ್ಯಾಕ್ಸ್ ಎಂಬ ಇನ್ನೊಂದು ಪ್ರಿಂಟರ್ ಕಾಣಿಸುತ್ತದೆ. ಅದೇ ನಿಮ್ಮ ಫ್ಯಾಕ್ಸ್ ಯಂತ್ರ.

ಮೊದಲ ಸಲ ಫ್ಯಾಕ್ಸ್ ಕನ್ಸೋಲ್ ತೆರೆದಾಗ ನಿಮ್ಮ ಹೆಸರು, ನಂಬರ್ ಎಲ್ಲ ಕೇಳುತ್ತದೆ. ಯಾವ ಮೋಡೆಮ್‌ನಿಂದ ಕಳಿಸಬೇಕು ಎಂದೂ ಕೇಳುತ್ತದೆ. ಆಮೇಲೆ ಟಿಎಸ್‌ಐಡಿ. ನಿಮ್ಮ ಪುಟದ ಮೇಲ್ತುದಿಯಲ್ಲಿ ಎದುರಿನವರಿಗೆ ಕಾಣುವ ಗುರುತು ಇದು. 20 ಅಕ್ಷರಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಇಲ್ಲಿ ನಿಮ್ಮ ಫೋನ್ ನಂಬರನ್ನೇ ಹಾಕಿ. ಪುಟಗಳು ಚೆಲ್ಲಾಪಿಲ್ಲಿಯಾದರೂ ಯಾರದ್ದು ಎಂದು ಅವರಿಗೆ ಗೊತ್ತಾಗುತ್ತದೆ. ಕಳಿಸಲು ಮಾತ್ರ ಬೇಕಿದ್ದರೆ ಫ್ಯಾಕ್ಸ್ ಪಡೆಯುವ ಟಿಕ್ ಖಾಲಿ ಬಿಡಿ. ಇಲ್ಲದಿದ್ದರೆ ಮನೆಗೆ ಬರುವ ಫೋನನ್ನೆಲ್ಲ ಮೋಡೆಮ್ ಎತ್ತಿ ಎದುರಿನವರ ಕಿವಿಗೆ ಶಿಳ್ಳೆ ಹೊಡೆಯುತ್ತದೆ.

ಪುಟ ತಯಾರು ಮಾಡುವುದು

ಜನ ಅವಸರ ಮಾಡುವುದು ಇಲ್ಲೇ, ಕೆಡುವುದೂ ಇಲ್ಲೇ. ಸಾದಾ ಫ್ಯಾಕ್ಸಿನ ಪುಟದಲ್ಲಿ ಬೂದು ಬಣ್ಣ ಇಲ್ಲ. ಪ್ರತಿ ಚುಕ್ಕಿಯೂ ಕಪ್ಪು ಇಲ್ಲವೇ ಬಿಳಿ. ಎ4 ಪುಟದ ಒಂದು ಗೆರೆಯಲ್ಲಿ 1728 ಚುಕ್ಕಿಗಳು. ಸ್ಟ್ಯಾಂಡರ್ಡ್ ಗುಣಮಟ್ಟದಲ್ಲಿ ಒಂದು ಮಿಲಿಮೀಟರಿಗೆ 3.85 ಗೆರೆ, ಫೈನ್‌ನಲ್ಲಿ 7.7 ಗೆರೆ. ಲೆಕ್ಕ ಹಾಕಿ: ಸ್ಟ್ಯಾಂಡರ್ಡ್ ಪುಟದಲ್ಲಿ ಸುಮಾರು 1143 ಗೆರೆ, ಅಂದರೆ 20 ಲಕ್ಷದ ಹತ್ತಿರ ಚುಕ್ಕಿ. ಇದನ್ನು ಹಾಗೇ, ಚುಕ್ಕಿಗೊಂದು ಬಿಟ್ ಎಂದು, ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಕಳಿಸಿದರೆ ಮೂರು ನಿಮಿಷಕ್ಕೂ ಮೇಲೆ ಬೇಕು. ಆದರೂ ಅಕ್ಷರ ತುಂಬಿದ ಪುಟ ಒಂದು ನಿಮಿಷದೊಳಗೆ ಹೋಗುವುದು ಹೇಗೆ? ಬಿಳಿ ಜಾಗವನ್ನು ಅದು ಚುಕ್ಕಿ ಚುಕ್ಕಿಯಾಗಿ ಕಳಿಸುವುದಿಲ್ಲ. ಇಲ್ಲಿಂದ ಇಷ್ಟು ದೂರ ಬಿಳಿ, ಆಮೇಲೆ ಇಷ್ಟು ಕಪ್ಪು ಎಂದು ಅಳತೆ ಮಾತ್ರ ಹೇಳುತ್ತದೆ. ಹಾಗಾಗಿ ಬಿಳಿ ಜಾಗ ಜಾಸ್ತಿ ಇದ್ದಷ್ಟೂ ಬೇಗ.

ಫೋಟೋದಲ್ಲಿ ಈ ಉಪಾಯ ನಡೆಯುವುದಿಲ್ಲ. ಬೂದು ಬಣ್ಣವನ್ನು ತೋರಿಸಲು ತಂತ್ರಾಂಶ ಅದನ್ನು ಸಾವಿರಾರು ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ. ಒಮ್ಮೆ ನಾನು 11 ಪುಟ ಕಳಿಸುತ್ತಿದ್ದೆ. ಏಳನೆಯದು ಗುರುತಿನ ಚೀಟಿಯ ನಕಲು, ಬಣ್ಣದ ಹಿನ್ನೆಲೆಯ ಮೇಲೆ ಫೋಟೋ. ಆರು ಪುಟ ಸರಸರ ಹೋದವು, ಏಳನೆಯದು ಆರು ನಿಮಿಷ ಎಳೆದು ಕಡಿದುಹೋಯಿತು. ಅದನ್ನೇ ಕಪ್ಪು ಬಿಳುಪಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಹಿನ್ನೆಲೆ ಪೂರ್ತಿ ಬಿಳಿಯಾಗುವ ತನಕ ಬ್ರೈಟ್‌ನೆಸ್ ಏರಿಸಿದೆ. ಆಮೇಲೆ ಒಂದು ನಿಮಿಷವೂ ಹಿಡಿಯಲಿಲ್ಲ.

ಅದಕ್ಕೇ ಸ್ಕ್ಯಾನ್ ಮಾಡುವಾಗಲೇ ಕಪ್ಪು ಬಿಳುಪು ಆರಿಸಿ, 200 ಡಿಪಿಐ ಸಾಕು. ಬೂದು ಶೇಡ್ ಇರುವ ಕೋಷ್ಟಕ, ದಪ್ಪ ಕಪ್ಪು ಪಟ್ಟಿ, ವಾಟರ್‌ಮಾರ್ಕ್ ಎಲ್ಲ ತೆಗೆಯಿರಿ. ಸಹಿಯನ್ನು ಕಪ್ಪು ಪೆನ್ನಿನಲ್ಲೇ ಹಾಕಿ, ತಿಳಿ ನೀಲಿ ಶಾಯಿ ಎಷ್ಟೋ ಸಲ ಮಾಯವಾಗುತ್ತದೆ. ಅಕ್ಷರ 12 ಪಾಯಿಂಟಿಗಿಂತ ಸಣ್ಣದು ಬೇಡ. ಕನ್ನಡದ ಪತ್ರವಾದರೆ ಇನ್ನೂ ದೊಡ್ಡದಿರಲಿ, ನಾನು 14 ಇಡುತ್ತೇನೆ. ಕಡಿಮೆ ಗುಣಮಟ್ಟದಲ್ಲಿ ಕಳಿಸಿದರೆ ಒತ್ತಕ್ಷರಗಳು ಕಲಸಿಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಂಡಂತೆ ಕಾಣುತ್ತವೆ. ಸಾಲುಗಳ ನಡುವೆಯೂ ಜಾಗ ಬಿಡಿ. ಫ್ಯಾಕ್ಸ್ ಪ್ರಿಂಟರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಿಂಟಿಂಗ್ ಪ್ರಿಫರೆನ್ಸಸ್‌ಗೆ ಹೋದರೆ ಕಾಗದದ ಅಳತೆ, ಗುಣಮಟ್ಟ ಎರಡೂ ಸಿಗುತ್ತವೆ. ಕಾಗದ ಎ4 ಇದೆಯಾ ನೋಡಿ, ಗುಣಮಟ್ಟ ಡ್ರಾಫ್ಟ್‌ನಲ್ಲಿ ಇರದಿರಲಿ.

ಹೊಸ ಕಂಪ್ಯೂಟರ್‌ನಲ್ಲಿ ಬರೆದ ಕಡತವನ್ನು ಹಳೆಯದರ ವರ್ಡ್‌ನಲ್ಲಿ ತೆರೆದರೆ ಸಾಲುಗಳು ಜಾರುತ್ತವೆ, ಫಾಂಟ್ ಸಿಗುವುದಿಲ್ಲ. ನಾನು ಹೊಸ ಯಂತ್ರದಲ್ಲೇ ಅದನ್ನು ಕಪ್ಪು ಬಿಳುಪಿನ ಟಿಫ್ ಚಿತ್ರ ಮಾಡಿ ಪೆನ್ ಡ್ರೈವಿನಲ್ಲಿ ತರುತ್ತೇನೆ. ಎಕ್ಸ್‌ಪಿಯ ಪಿಕ್ಚರ್ ಆಂಡ್ ಫ್ಯಾಕ್ಸ್ ವ್ಯೂವರ್ ಅದನ್ನು ತೆರೆಯುತ್ತದೆ, ಅಲ್ಲಿಂದಲೇ ಫ್ಯಾಕ್ಸ್ ಪ್ರಿಂಟರಿಗೆ ಕೊಡಬಹುದು. ಫಾಂಟಿನ ತಲೆನೋವೇ ಇಲ್ಲ. ಪೆನ್ ಡ್ರೈವನ್ನು ಮೊದಲು ಹೊಸ ಯಂತ್ರದಲ್ಲಿ ವೈರಸ್ ಸ್ಕ್ಯಾನ್ ಮಾಡಿ. ಎಕ್ಸ್‌ಪಿಗೆ 2014ರಲ್ಲೇ ಮೈಕ್ರೋಸಾಫ್ಟ್ ಸಹಾಯ ನಿಲ್ಲಿಸಿದೆ, ಅದನ್ನು ನಾವೇ ಕಾಯಬೇಕು.

ಕಳಿಸುವುದು, ಕೇಳುವುದು

ಕಡತ ತೆರೆದು ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರ್‌ಗಳಲ್ಲಿ ಫ್ಯಾಕ್ಸ್ ಆರಿಸಿ. ಒಂದು ವಿಝಾರ್ಡ್ ಬರುತ್ತದೆ. ಪಡೆಯುವವರ ಹೆಸರು, ನಂಬರ್ ಹಾಕಿ. ಡಯಲಿಂಗ್ ರೂಲ್ಸ್ ಎಂಬ ಟಿಕ್ ಇದೆ. ಅದನ್ನು ಹಾಕಿದರೆ ಕಂಪ್ಯೂಟರ್ ತಾನೇ ಊರಿನ ಕೋಡ್ ಸೇರಿಸಲು ಹೋಗುತ್ತದೆ. ನಾನು ಟಿಕ್ ಹಾಕುವುದಿಲ್ಲ. ಟೆಲಿಫೋನಿನಲ್ಲಿ ಕೈಯಿಂದ ಹೇಗೆ ಒತ್ತುತ್ತೇನೋ ಹಾಗೇ ಪೂರ್ತಿ ನಂಬರ್ ಬರೆಯುತ್ತೇನೆ.

ಮುಂದೆ ಕವರ್ ಪೇಜ್. ಯಾರಿಗೆ, ಯಾರಿಂದ, ಒಟ್ಟು ಎಷ್ಟು ಪುಟ ಎಂದು ಅಲ್ಲಿ ಇರಬೇಕು. ಪುಟದ ಸಂಖ್ಯೆ ಮುಖ್ಯ. ಯಾವುದಾದರೂ ಪುಟ ತಪ್ಪಿದರೆ ಎದುರಿನವರಿಗೆ ತಿಳಿಯುವುದು ಅದರಿಂದಲೇ. ಸಿದ್ಧ ನಮೂನೆಗಳಲ್ಲಿ ಜೆನೆರಿಕ್ ಎಂಬುದು ಸರಳವಾಗಿದೆ, ಅದನ್ನೇ ಬಳಸಿ. ಕೊನೆಯಲ್ಲಿ ಪ್ರಿವ್ಯೂ ಎಂಬ ಬಟನ್ ಇದೆ. ಅದನ್ನು ಒತ್ತದೆ ಯಾವತ್ತೂ ಕಳಿಸಬೇಡಿ. ಎದುರಿನವರಿಗೆ ಹೋಗುವ ಕಪ್ಪು ಬಿಳುಪಿನ ಪುಟವೇ ಅಲ್ಲಿ ಕಾಣುತ್ತದೆ. ಪ್ರಿವ್ಯೂನಲ್ಲಿ ನಿಮಗೆ ಓದಲು ಕಷ್ಟವಾದರೆ ಅವರಿಗೂ ಕಷ್ಟವೇ.

ಈಗ ಕಳಿಸಿ, ಮತ್ತು ಕೇಳಿ. ಮೊದಲು ಡಯಲ್ ಟೋನಿನ ಗುಂಯ್ ಸದ್ದು. ನಂತರ ನಂಬರ್ ಒತ್ತುವ ಸ್ವರಗಳು. ಆಮೇಲೆ ರಿಂಗ್. ನಡುನಡುವೆ ನಿಮ್ಮ ಮೋಡೆಮ್ಮೇ ಒಂದು ಸಣ್ಣ ಬೀಪ್ ಕೊಡುತ್ತದೆ, ಅರ್ಧ ಸೆಕೆಂಡ್ ಸದ್ದು, ಮೂರು ಸೆಕೆಂಡ್ ಮೌನ. ಅದು 1100 ಹರ್ಟ್ಸ್‌ನ ಸ್ವರ, ನಾನು ಫ್ಯಾಕ್ಸ್ ಎಂದು ಕೂಗಿ ಹೇಳುವುದು. ಆ ಕಡೆಯವರು ಎತ್ತಿದ ಮೇಲೆ ಮೂರು ಸೆಕೆಂಡಿನಷ್ಟು ಉದ್ದನೆಯ ತೀಕ್ಷ್ಣ ಶಿಳ್ಳೆ, 2100 ಹರ್ಟ್ಸ್. ಅದು ಕೇಳಿದರೆ ಆ ಕಡೆ ಇರುವುದು ಫ್ಯಾಕ್ಸ್ ಯಂತ್ರವೇ. ಹಿಂದೆಯೇ ನೀರು ಗುಳುಗುಳು ಎಂದಂತೆ ಸದ್ದು. ಎರಡೂ ಯಂತ್ರಗಳು 300 ಬಿಟ್ ವೇಗದಲ್ಲಿ ನಿನಗೇನು ಬರುತ್ತದೆ, ನನಗೇನು ಬರುತ್ತದೆ ಎಂದು ಮಾತಾಡಿಕೊಳ್ಳುವುದು ಅದು. ಬಹಳಷ್ಟು ಮೋಡೆಮ್‌ಗಳಲ್ಲಿ ಅಷ್ಟರಲ್ಲಿ ಸ್ಪೀಕರ್ ನಿಲ್ಲುತ್ತದೆ. ಇನ್ನು ದೀಪ ನೋಡಿ.

ಬೇರೆ ಸದ್ದು ಬಂದರೆ ಅದೂ ಮಾಹಿತಿಯೇ. ಮನುಷ್ಯರ ಹಲೋ ಕೇಳಿದರೆ ನಂಬರ್ ತಪ್ಪು, ಇಲ್ಲವೇ ಅವರು ಕೈಯಿಂದ ಸ್ಟಾರ್ಟ್ ಒತ್ತಬೇಕಾದ ಯಂತ್ರ. ಕೂಡಲೇ ನಿಲ್ಲಿಸಿ, ಟೆಲಿಫೋನಿನಿಂದ ಮಾಡಿ ಮಾತಾಡಿ. ಹಾಗೇ ಬಿಟ್ಟರೆ ತಂತ್ರಾಂಶ ಮತ್ತೆ ಮತ್ತೆ ಅವರ ನಿದ್ದೆ ಕೆಡಿಸುತ್ತದೆ. ಎಂಗೇಜ್ ಟೋನ್ ಬಂದರೆ ಸುಮ್ನೆ ಬಿಡಿ, ಅದು ತಾನೇ ಮತ್ತೆ ಪ್ರಯತ್ನಿಸುತ್ತದೆ. ನಾನು 3 ಸಲ, 10 ನಿಮಿಷಕ್ಕೊಮ್ಮೆ ಎಂದು ಇಟ್ಟಿದ್ದೇನೆ. ಶಿಳ್ಳೆ ಬಂದು, ಗುಳುಗುಳು ಬಂದು, ಪದೇ ಪದೇ ಅಲ್ಲೇ ನಿಂತರೆ ಲೈನಿನಲ್ಲಿ ಗಲಾಟೆ ಇದೆ. ಆಗ ವೇಗ ಇಳಿಸಬೇಕು. 14400 ಇದ್ದರೆ 9600, ಅದೂ ಆಗದಿದ್ದರೆ 4800. ಯಂತ್ರಗಳು ತಾವೇ ಇಳಿಸಿಕೊಳ್ಳಲು ನೋಡುತ್ತವೆ, ಆದರೆ ಕೆಲವು ಸಲ ನಾವೇ ಹೇಳಿದರೆ ಬೇಗ ಆಗುತ್ತದೆ.

ಇಂಟರ್ನೆಟ್ ಮೇಲೆ ಓಡುವ ಫೋನ್ ಲೈನಾದರೆ ಇದು ಇನ್ನೂ ಮುಖ್ಯ. ಆ ಲೈನು ಮಾತಿನ ಸದ್ದನ್ನು ಹಿಂಡಿ ಚಿಕ್ಕದು ಮಾಡಿದರೆ ಮನುಷ್ಯರ ಮಾತು ಉಳಿಯುತ್ತದೆ, ಮೋಡೆಮ್‌ನ ಸ್ವರ ಉಳಿಯುವುದಿಲ್ಲ. ಹಿಂಡದ ಜಿ.711 ಎಂಬ ಬಗೆಯನ್ನು ಹಾಕಿಕೊಡಿ ಎಂದು ಲೈನ್ ಕೊಟ್ಟವರನ್ನು ಕೇಳಿ. ಅಂಥ ಲೈನಿಗೆ ಕೊಡುವ ಕೆಲವು ಡಬ್ಬಿಗಳಲ್ಲಿ ಫ್ಯಾಕ್ಸಿಗೆಂದೇ ಟಿ.38 ಎಂಬ ಬಗೆ ಇರುತ್ತದೆ. ತಂತ್ರಾಂಶದಲ್ಲಿ ವೇಗ 9600 ಮಾಡಿ, ತಪ್ಪು ತಿದ್ದುವ ಇಸಿಎಂ ಆಫ್ ಮಾಡಿ ನೋಡಿ. ಒಂದೆರಡು ಗೆರೆ ಕೆಟ್ಟರೂ ಪುಟ ಪೂರ್ತಿ ಹೋಗುತ್ತದೆ. ಅಂಕಿಗಳಿರುವ ಪುಟಕ್ಕೆ ಮಾತ್ರ ನಾನು ಇಸಿಎಂ ತೆಗೆಯುವುದಿಲ್ಲ. ಒಂದು ಗೆರೆ ಹೋದರೆ 8 ಇದ್ದದ್ದು 3 ಆಗಿ ಕಂಡೀತು.

ಪುಟ ತುಂಬಾ ಇದ್ದರೆ ಹತ್ತತ್ತರ ಕಟ್ಟು ಮಾಡಿ ಕಳಿಸಿ. 40ನೇ ಪುಟದಲ್ಲಿ ಕಡಿದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಹೋಯಿತಾ ಇಲ್ಲವಾ

ಕನ್ಸೋಲಿನ ಸೆಂಟ್ ಐಟಮ್ಸ್‌ನಲ್ಲಿ ಕಂಡರೆ ಎದುರಿನ ಯಂತ್ರ ಪ್ರತಿ ಪುಟದ ಕೊನೆಗೂ ಸಿಕ್ಕಿತು ಎಂದು ಹೇಳಿದೆ. ಯಂತ್ರಕ್ಕೆ ಸಿಕ್ಕಿದೆ, ಮನುಷ್ಯರಿಗಲ್ಲ. ಅಲ್ಲಿ ಕಾಗದ ಮುಗಿದಿದ್ದರೆ ಅದು ಮೆಮೊರಿಯಲ್ಲಿ ಕೂತಿರಬಹುದು.

ಇನ್ನೊಂದು ಅಪಾಯವೂ ಇದೆ. ಒಮ್ಮೆ ಒಬ್ಬರ ಸಂಬಳದ ವಿವರ ಕಳಿಸುವಾಗ ಒಂದು ಅಂಕಿ ತಪ್ಪಿ ಒತ್ತಿದೆ. ಆ ನಂಬರಿನಲ್ಲೂ ಫ್ಯಾಕ್ಸ್ ಯಂತ್ರ ಇತ್ತು. ಎಲ್ಲ ಸರಿಯಾಗಿ ಹೋಯಿತು, ವರದಿಯೂ ಸರಿ ಎಂದಿತು. ಎರಡು ದಿನ ಬಿಟ್ಟು ಬಂದಿಲ್ಲ ಎಂದು ಫೋನ್ ಬಂದಾಗ ನನಗೆ ಗೊತ್ತಾಯಿತು. ಆ ಕಾಗದ ಯಾರ ಕೈಗೆ ಹೋಯಿತೋ ಎಂದು ಈಗಲೂ ಮನಸ್ಸಿಗೆ ಬರುತ್ತದೆ. ಅವತ್ತಿನಿಂದ ಕಳಿಸಿದ ಫ್ಯಾಕ್ಸಿನ ಪ್ರಾಪರ್ಟೀಸ್ ತೆರೆದು ಸಿಎಸ್‌ಐಡಿ ನೋಡುತ್ತೇನೆ. ಎದುರಿನ ಯಂತ್ರ ತನ್ನ ಬಗ್ಗೆ ಹೇಳಿಕೊಂಡ ಗುರುತು ಅದು, ಹೆಚ್ಚಾಗಿ ಅವರ ನಂಬರೇ ಇರುತ್ತದೆ. ಪುಟದ ಲೆಕ್ಕವನ್ನೂ ತಾಳೆ ನೋಡುತ್ತೇನೆ. ಖಾಸಗಿ ಕಾಗದವಾದರೆ ಮೊದಲು ಕವರ್ ಪೇಜ್ ಮಾತ್ರ ಕಳಿಸಿ, ಬಂತು ಎಂದು ಅವರು ಫೋನಿನಲ್ಲಿ ಹೇಳಿದ ಮೇಲೆ ಉಳಿದದ್ದು ಕಳಿಸುತ್ತೇನೆ.

ಕೆಲಸ ಮುಗಿದ ಮೇಲೆ ಗೋಡೆಯ ಜ್ಯಾಕಿನಿಂದ ಫೋನ್ ತಂತಿ ತೆಗೆದಿಡಿ. ಸಿಡಿಲು ಮೋಡೆಮ್‌ಗೆ ಕರೆಂಟಿನ ತಂತಿಯಿಂದ ಮಾತ್ರ ಬರುವುದಿಲ್ಲ, ಫೋನ್ ತಂತಿಯಿಂದಲೂ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು.